ಮೊದಲ ಗ್ಲಾಸು

ಫ್ಯಾನ್ ನಿಂತಿತು.

ಹಿಂದೆಯೇ ಕಬ್ಬಿಣದ ಬಾಗಿಲು ಧಡಾರ್ ಎಂದಿತು. ಹೊರಗಿನಿಂದ ಚಿಲಕ!

ಬ್ರೂವರಿಯ ನೆಲಮಾಳಿಗೆ. ಕಿಟಕಿಯಿಲ್ಲ. ಎರಡು ಸ್ಟೀಲ್ ಟ್ಯಾಂಕು, ಒಂದು ಏಣಿ, ನಾನು. ಕೈಯಲ್ಲಿ ಅರ್ಧ ಗ್ಲಾಸು ಬೀಯರು. ಒಂದು ಟ್ಯಾಂಕಿನಲ್ಲಿ ಹೊಸ ಬ್ಯಾಚು ಗುಳುಗುಳು ಹುದುಗುತ್ತಿತ್ತು. ಹುದುಗುವಾಗ ಬರುವ ಗ್ಯಾಸು ಗಾಳಿಗಿಂತ ಭಾರ ನೋಡಿ... ನೀರಿನಂತೆ ನೆಲದ ಮೇಲೆ ನಿಲ್ಲುತ್ತದೆ. ಫ್ಯಾನ್ ಅದನ್ನು ಎಳೆದು ಹೊರಗೆ ಹಾಕದಿದ್ದರೆ ಮೊದಲು ಮೊಣಕಾಲು, ಆಮೇಲೆ ಸೊಂಟ, ಆಮೇಲೆ ಮೂಗು.

ನನ್ನ ಗಂಡ ಸತ್ತದ್ದು ಇದೇ ನೆಲದ ಮೇಲೆ.

ಏಣಿ ಹತ್ತಿದೆ. ಗ್ಲಾಸು ಬಿಡಲಿಲ್ಲ.

“ಅಕ್ಕಾ...” ಬಾಗಿಲಾಚೆ ನನ್ನ ತಮ್ಮ. “ಅದನ್ನ ಚೆಲ್ಲಿಬಿಡು. ಯಾರಿಗೂ ಹೇಳಲ್ಲ ಅನ್ನು. ಬಾಗಿಲು ತೆಗೀತೀನಿ.”

“ಚೆಲ್ಲಲ್ಲ ಕಣೋ.”

“ಹಠ ಮಾಡ್ಬೇಡ! ನಿನ್ನ ಫೋನು ಇಲ್ಲೇ ಮೇಜಿನ ಮೇಲಿದೆ.”

“ಇರ್ಲಿ. ಚಾರ್ಜಿಗೆ ಹಾಕಿರು.”

ನನ್ನ ಕೆಲಸ ಹೇಳುತ್ತೇನೆ. ವಿಮಾ ಕಂಪನಿಗಳಿಗೆ ಸುಳ್ಳು ಕ್ಲೇಮು ಹಿಡಿದುಕೊಡುವುದು. ಗೋದಾಮಿಗೆ ತಾವೇ ಬೆಂಕಿ ಇಟ್ಟವರು, ಲಾರಿ ಬಚ್ಚಿಟ್ಟು ಅತ್ತವರು... ಎಲ್ಲರನ್ನೂ ಕಂಡಿದ್ದೇನೆ. ಹೆಗಲಿನಲ್ಲಿ ಒಂದು ಚಾಕುವಿನ ಗುರುತೂ ಇದೆ. ಆದರೆ ನನ್ನ ಮನೆಯ ಸಾವನ್ನು ನಾನೇ ಅಗೆಯಬೇಕಾಗುತ್ತದೆ ಎಂದು ಇವತ್ತು ಮಧ್ಯಾಹ್ನದವರೆಗೂ ಗೊತ್ತಿರಲಿಲ್ಲ.

ಬ್ರೂವರಿ ಗಂಡನದೂ ತಮ್ಮನದೂ. ಇಬ್ಬರೇ. ಮಾಡುತ್ತಿದ್ದದ್ದು ಮಬ್ಬು ಬೀಯರು. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣಬಾರದು, ಕಿತ್ತಳೆ ರಸ ಅನ್ನಿಸಬೇಕು. ಅದರ ಜೀವ ಹಾಪ್ಸ್ ಎಂಬ ಒಣ ಹೂವಿನ ಪುಡಿ. ಕುದಿಸುವಾಗ ಹಾಕಿದ್ದು ಕಹಿ ಕೊಡುತ್ತದೆ. ತಣ್ಣಗಾದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಇನ್ನೊಮ್ಮೆ ಸುರಿಯಬೇಕು. ಕಿತ್ತಳೆಯ ಪರಿಮಳ ಬರುವುದು ಆಗಲೇ. ಮುಚ್ಚಳ ತೆರೆದಷ್ಟು ಹೊತ್ತೂ ಫ್ಯಾನ್ ಆಫ್! ಗಾಳಿ ತಗುಲಿದರೆ ಈ ಬೀಯರು ಕಂದು ಬಣ್ಣಕ್ಕೆ ತಿರುಗಿ ಕೆಡುತ್ತದೆ.

ಆ ದಿನ ಗಂಡ ಹಾಪ್ಸ್ ಪೊಟ್ಟಣ ಹಿಡಿದು ಏಣಿ ಹತ್ತಿ, ಜಾರಿ ಬಿದ್ದ. ಕಾಲು ಮುರಿಯಿತು, ಏಳಲಾಗಲಿಲ್ಲ. ಫ್ಯಾನ್ ಆಫ್, ಪಕ್ಕದ ಟ್ಯಾಂಕು ಹುದುಗುತ್ತಿತ್ತು. ಪೊಟ್ಟಣ ಎದೆಯ ಮೇಲೆ ಒಡೆಯಿತು. ಆಸ್ಪತ್ರೆಯವರು ಅವನ ಅಂಗಿಯನ್ನು ನನ್ನ ಕೈಗೆ ಕೊಟ್ಟರು. ಹಸಿರು ಪುಡಿ. ಗಮಗಮ ಕಿತ್ತಳೆ. ಆ ಅಂಗಿಯನ್ನು ನಾನು ಇನ್ನೂ ಒಗೆದಿಲ್ಲ.

“ನಾನು ಬರೋಷ್ಟರಲ್ಲಿ ಭಾವನ ಪ್ರಾಣ ಹೋಗಿತ್ತು. ಏನನ್ನೂ ಮುಟ್ಟಲಿಲ್ಲ. ಪೊಲೀಸರಿಗೆ ಫೋನ್ ಮಾಡಿದೆ.” ತಮ್ಮನ ಹೇಳಿಕೆ.

ಪೊಲೀಸರು ಆಗಲೇ ಟ್ಯಾಂಕಿಗೆ ಸೀಲು ಹಾಕಿದರು. ಸೀಲು ಬಿಚ್ಚಿದ್ದು ಇವತ್ತು.

ನಮ್ಮಲ್ಲಿ ಒಂದು ರೂಢಿ. ಯಾವ ಬ್ಯಾಚಿನದಾದರೂ ಮೊದಲ ಗ್ಲಾಸು ನನಗೆ. ನಾನು ಹೂಂ ಅಂದರೆ ಮಾರಾಟಕ್ಕೆ. “ಕೈ ನಂದು, ನಾಲಿಗೆ ನಿಂದು,” ಅನ್ನುತ್ತಿದ್ದ ಗಂಡ.

ಇವತ್ತು ಆ ಟ್ಯಾಂಕಿನಿಂದ ಗ್ಲಾಸು ತುಂಬಿ ಕೊಟ್ಟವನು ತಮ್ಮ. ಕೈ ತಂತಾನೇ ಹೋಗಿರಬೇಕು... ರೂಢಿ!

ಮೂಗಿನ ಹತ್ತಿರ ತಂದೆ.

ಗಂಡನ ಅಂಗಿ.

ಅದೇ ಕಿತ್ತಳೆ! ಒಂದು ಗುಟುಕು ಕುಡಿದೆ. ಮೆತ್ತಗೆ, ದುಂಡಗೆ, ಕೊನೆಯಲ್ಲಿ ಸಣ್ಣ ಕಹಿ. ಅವನ ಪಾಲಿನ ಹಾಪ್ಸ್ ಅವನ ಎದೆಯ ಮೇಲಿತ್ತು. ಹಾಗಾದರೆ ಟ್ಯಾಂಕಿಗೆ ಇಳಿದದ್ದು ಯಾರ ಕೈಯದು?

“ಇನ್ನೊಂದು ಪೊಟ್ಟಣ ಒಡೆದವನು ನೀನೇನೋ?” ಎಂದೆ.

ತಮ್ಮನ ಮುಖ ಬಿಳಿಚಿಕೊಂಡಿತು. ಹಿಂದೆ ಹಿಂದೆ ಸರಿದ. ಫ್ಯಾನ್ ನಿಂತಿತು. ಚಿಲಕ ಬಿತ್ತು.

ಈಗ ಏಣಿಯ ಮೇಲೆ ತಲೆ ಭಾರವಾಗುತ್ತಿತ್ತು. ಬಾಗಿಲಿನ ಪುಟ್ಟ ಗಾಜಿನಲ್ಲಿ ಅವನ ಕಣ್ಣು.

“ಅಕ್ಕಾ, ಹೇಳಲ್ಲ ಅನ್ನು! ನಿನ್ನ ದಮ್ಮಯ್ಯ!”

ನಾನು ಗ್ಲಾಸನ್ನು ಟ್ಯಾಂಕಿನ ನೆತ್ತಿಯ ಮೇಲಿಟ್ಟೆ. ಏಣಿ ಇಳಿದೆ. ಉಸಿರು ಬಿಗಿಹಿಡಿದು, ಗಂಡ ಮಲಗಿದ್ದ ಜಾಗದಲ್ಲೇ ಮಲಗಿದೆ. ಕಣ್ಣು ಮುಚ್ಚಿದೆ.

ನೋಡೋಣ, ಅಂದುಕೊಂಡೆ.

ಎದೆ ಸಿಡಿಯುವಂತಾಯಿತು. ಕಿವಿಯಲ್ಲಿ ಗುಂಯ್...

ಚಿಲಕ ಸರಿಯಿತು!

“ಅಕ್ಕಾ! ಅಕ್ಕಾ!” ಕಂಕುಳಿಗೆ ಕೈಹಾಕಿ ದರದರ ಎಳೆದ. ಮೆಟ್ಟಿಲ ಮೇಲೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆನ್ನೆ ತಟ್ಟಿದ. ಎತ್ತಿ ಆಡಿಸಿದ ಮಗು ಅವನು. ಕಣ್ಣು ತೆರೆದು ಅವನ ಮಣಿಕಟ್ಟು ಹಿಡಿದೆ.

ಕೊಸರಿಕೊಂಡು ಓಡಿದ! ನಾನೂ ಎದ್ದೆ. ಮೆಟ್ಟಿಲು, ಬಾಟಲಿ ತೊಳೆಯುವ ಕೋಣೆ, ಹಿಂದಿನ ಅಂಗಳ. ವ್ಯಾನಿನ ಬಾಗಿಲಿಗೆ ಅವನ ಕೈ. ಖಾಲಿ ಪೀಪಾಯಿಯನ್ನು ಒದ್ದೆ. ಉರುಳಿ ಹೋಗಿ ಅವನ ಕಾಲಿಗೆ ಬಡಿಯಿತು. ಮಗುಚಿ ಬಿದ್ದ.

ಅವನ ಬೆನ್ನ ಮೇಲೆ ಕೂತೆ.

“ನೀನು ಬಂದಾಗ ಭಾವನಿಗೆ ಉಸಿರಿತ್ತಾ?”

ಕೆನ್ನೆಯನ್ನು ನೆಲಕ್ಕೆ ಒತ್ತಿದ.

“ಇತ್ತೇನೋ?!”

“ಇತ್ತು... ಮಾತಾಡಿದ್ರು.” ಅಳು ಒತ್ತರಿಸಿತು. “ಅವರೇ ಹೇಳಿದ್ರು ಅಕ್ಕಾ... ಮುಚ್ಚಳ ತೆಗೆದಿದೆ, ಒಳಗೆ ಗಾಳಿ ಹೋಗ್ತಿದೆ, ಮೊದಲು ಹಾಪ್ಸ್ ಹಾಕಿ ಮುಚ್ಚು, ಆಮೇಲೆ ನನ್ನ ಎತ್ತು ಅಂತ. ಬೇರೆ ಪೊಟ್ಟಣ ತಂದೆ. ಹತ್ತಿದೆ, ಹಾಕಿದೆ, ಬೋಲ್ಟ್ ಬಿಗಿದೆ. ನೀಟಾಗೇ ಮಾಡಿದೆ. ಕೆಳಗೆ ನೋಡಿದರೆ...”

ಹೇಳಿರುತ್ತಾನೆ. ಖಂಡಿತ ಹೇಳಿರುತ್ತಾನೆ! ನನ್ನ ಗಂಡ ಅಂಥವನೇ. ಮುರಿದ ಕಾಲು ಅವನದು, ಯೋಚನೆ ಟ್ಯಾಂಕಿನದು.

“ಅವನು ಹೇಳಿದ ಅಂತ ನೀನು ಕೇಳಬೇಕಾಗಿತ್ತಾ? ನನ್ನನ್ನ ಎಳೆದೆಯಲ್ಲ... ಅವನನ್ನ ಮೊದಲು ಯಾಕೋ ಎಳೀಲಿಲ್ಲ?”

“ಒಂದು ಕ್ಷಣದ ಕೆಲಸ ಅಂದ್ಕೊಂಡೆ ಅಕ್ಕಾ. ಆಮೇಲೆ ನಿನ್ನ ಮುಖ ನೆನಪಾಯ್ತು. ಸುಳ್ಳು ಹೇಳಿದೆ.”

ಪೊಲೀಸರಿಗೆ ಫೋನ್ ಮಾಡಿದೆ. ಅವನ ಜೇಬಿನಲ್ಲಿದ್ದ ಫೋನಿನಿಂದಲೇ. ಧ್ವನಿ ನನ್ನದಾಗಿರಲಿಲ್ಲ.

ಜೀಪು ಬರುವವರೆಗೆ ಅಂಗಳದ ಕಟ್ಟೆಯ ಮೇಲೆ ಅಕ್ಕಪಕ್ಕ ಕೂತೆವು. ಅವನ ಮೊಣಕೈ ತರಚಿತ್ತು. ಸೆರಗಿನಿಂದ ಒರೆಸಿದೆ. ಒರೆಸಲು ಬಿಟ್ಟ.

ಜೀಪಿಗೆ ಹತ್ತಿಸುವಾಗ ತಿರುಗಿ ನಿಂತ. ಕೇಳಲೋ ಬೇಡವೋ ಎಂಬಂತೆ...

“ಅಕ್ಕಾ... ಬೀಯರು ಹೇಗಿತ್ತು?”

“ಭಾವ ಮಾಡಿದ ಹಾಗೇ ಇತ್ತು ಕಣೋ. ಅದಕ್ಕೇ ನೀನು ಸಿಕ್ಕಿಬಿದ್ದೆ.”