ಹನ್ನೆರಡು ಗಂಟೆಯ ಕರೆ

ಬಸ್ಸಿನ ಕೊನೆಯ ಸೀಟಿನ ಕೆಳಗೆ ಒಂದು ನೀಲಿ ಚೀಲ ಬಿದ್ದಿತ್ತು.

ಮಧ್ಯಾಹ್ನ ಎರಡೂವರೆ. ಸಂಡೂರಿನಿಂದ ಬಂದ ಬಸ್ಸು ಹೊಸಪೇಟೆ ನಿಲ್ದಾಣದಲ್ಲಿ ಖಾಲಿಯಾಗಿತ್ತು. ಕಂಡಕ್ಟರ್ ಉಜ್ಜಿನಪ್ಪ ಚೀಲ ಬಿಚ್ಚಿ ನೋಡಿದ. ಆಫ್ ಆಗಿದ್ದ ಮೊಬೈಲು. ನೀರಿನ ಬಾಟಲಿ. ಡಬ್ಬಿಯಲ್ಲಿ ಇನ್ಸುಲಿನ್ ಸೂಜಿ. ಜೊತೆಗೊಂದು ಗುರುತಿನ ಚೀಟಿ: ಹುಲುಗೇಶ್, ನಿರೂಪಕ, ಗಂಡಿ ರೇಡಿಯೊ, ಸಂಡೂರು.

ಉಜ್ಜಿನಪ್ಪನಿಗೆ ಮೊದಲು ನಗು ಬಂತು. ಬೆಳಿಗ್ಗೆಯಿಂದ ರೇಡಿಯೊದ ಆಟಕ್ಕಾಗಿ ಇಡೀ ತಾಲೂಕು ಹುಡುಕುತ್ತಿದ್ದುದು ಈ ಹುಲುಗೇಶನನ್ನೇ. ಸೂಜಿ ಕಂಡು ನಗು ನಿಂತಿತು. ಉಜ್ಜಿನಪ್ಪನ ಹೆಂಡತಿಗೂ ಅದೇ ಸಕ್ಕರೆ ಕಾಯಿಲೆ. ಆ ಡಬ್ಬಿ ಬಿಟ್ಟು ಅವಳು ಸಂತೆಗೂ ಹೋಗುವುದಿಲ್ಲ.

ಕೂಡಲೇ ಪೊಲೀಸರಿಗೆ ಫೋನ್ ಮಾಡಿದ.

*

ಸಬ್ ಇನ್ಸ್‌ಪೆಕ್ಟರ್ ವಂದನಾ ರೇಡಿಯೊ ಕಚೇರಿಗೆ ಬಂದಾಗ ಮೂರೂವರೆ. ನಿಲಯದ ಮುಖ್ಯಸ್ಥ ಗೋಪೀನಾಥ ಬಾಗಿಲಲ್ಲೇ ನಿಂತಿದ್ದರು.

"ಸರ್, ಇದೂ ಕರಡಿ ಥರದ್ದೇ ಏನು?"

ಗೋಪೀನಾಥರ ಮುಖ ಸಣ್ಣಗಾಯಿತು. ಎರಡು ವರ್ಷದ ಹಿಂದೆ ಸ್ಟುಡಿಯೊಗೆ ಕರಡಿ ನುಗ್ಗಿದೆ ಎಂದು ಇದೇ ರೇಡಿಯೊ ಕೂಗಿತ್ತು. ಅರಣ್ಯ ಇಲಾಖೆಯವರು ಬಲೆ ಹಿಡಿದು ಓಡಿಬಂದಿದ್ದರು. ಒಳಗಿದ್ದದ್ದು ಕಂಬಳಿ ಹೊದ್ದ ಗೋಪೀನಾಥರು. ಅದಕ್ಕೂ ಮೊದಲು ಎಮ್ಮೆಯೊಂದನ್ನು ಮೈಕಿನ ಮುಂದೆ ನಿಲ್ಲಿಸಿ ಹವಾಮಾನ ವರದಿ ಕೊಡಿಸಿದ್ದರು. ಕೇಳುಗರು ಹೆಚ್ಚಿದ್ದು ಹಾಗೆಯೇ.

"ದೇವರಾಣೆ ಇಲ್ರಿ ಮೇಡಂ," ಅಂದರು. "ಈ ಸಲ ಆಟ ಸಣ್ಣದು. ರೇಡಿಯೊಕ್ಕ ಹನ್ನೆರಡು ವರ್ಷ ತುಂಬಿತಲ್ಲ, ಅದಕ್ಕ 'ನಾನೆಲ್ಲಿದ್ದೀನಿ?' ಅಂತ ಇಟ್ವಿ. ಹುಲುಗೇಶ್ ಒಂದ್ಕಡೆ ಅಡಗಿ ಕುಂದ್ರೋದು, ಆಗಾಗ ಫೋನ್ ಮಾಡಿ ಸುಳಿವು ಕೊಡೋದು, ಜನ ಹುಡುಕೋದು. ಜಾಗ ನನಗೂ ಹೇಳಿಲ್ಲ."

"ಅವನ ಚೀಲ ಹೊಸಪೇಟೆ ಬಸ್ಸಲ್ಲಿ ಸಿಕ್ಕಿದೆ, ಒಳಗೆ ಇನ್ಸುಲಿನ್ ಸೂಜಿ ಇದೆ. ಫೋನ್ ಯಾವಾಗ ಬಂದಿತ್ತು?"

ಉತ್ತರ ಕೊಟ್ಟವನು ಗಾಜಿನ ಗೋಡೆಯ ಹಿಂದಿದ್ದ ತಂತ್ರಜ್ಞ ಕನಕರಾಜ್. "ಎಂಟಕ್ಕ, ಒಂಬತ್ತಕ್ಕ. ಆಮ್ಯಾಲೆ ಹನ್ನೆರಡಕ್ಕ. ಮೂರೂ ಲೈವ್. ಮೂರು ಗಂಟೀಗೆ ಬರಬೇಕಿತ್ತು, ಬರ್ಲಿಲ್ಲ."

"ನಡುವೆ?"

"ಹತ್ತರಿಂದ ಹನ್ನೊಂದೂವರಿತನಕ ರೆಕಾರ್ಡ್ ಆದ ಕೃಷಿ ಕಾರ್ಯಕ್ರಮ. ನಾ ಜನರೇಟರ್‌ಗೆ ಡೀಸೆಲ್ ತರಾಕ ಹೋಗಿದ್ದೆ. ಹುಲುಗೇಶ್ ಹಂಪಿ ಕಡೀಗೆ ಹೊಂಟಿರಬೇಕ್ರಿ. ಚೀಲ ಬಸ್ಸಿನಾಗ ಸಿಕ್ಕೈತಲ್ಲ."

ವಂದನಾ ಗೋಪೀನಾಥರ ಕಡೆ ತಿರುಗಿದಳು. "ಹನ್ನೆರಡಕ್ಕೆ ನೀವೆಲ್ಲಿದ್ರಿ?"

"ಹೊಸಪೇಟ್ಯಾಗ, ಬ್ಯಾನರ್ ಕಟ್ಟಸ್ತಿದ್ದೆ. ಕಟ್ಟಿದವ್ರನ್ನೇ ಕೇಳ್ರಿ."

ಕೇಳಿಸಿದಳು. ನಿಜವಿತ್ತು. ಅಷ್ಟರಲ್ಲಿ ಹಂಪಿ ಬಜಾರಿನಿಂದ ಸುದ್ದಿ ಬಂತು. ಅಲ್ಲಿನ ಪೊಲೀಸರು ಕಲ್ಲುಮಂಟಪಗಳನ್ನೆಲ್ಲ ಒಂದೊಂದಾಗಿ ಜಾಲಾಡಿದ್ದರು. ಯಾರೂ ಇಲ್ಲ.

ಕೊರೊನಾ ಕಾಲದಲ್ಲಿ ವಂದನಾಳ ತಾಯಿಗೆ ಔಷಧಿ ಸಿಕ್ಕಿರಲಿಲ್ಲ. ಹುಲುಗೇಶ್ ಮೈಕಿನಲ್ಲಿ ಒಂದು ದಿನವಿಡೀ ಕೂಗಿ, ಕಂಪ್ಲಿಯ ಯಾರದೋ ಮನೆಯಿಂದ ಅದನ್ನು ತರಿಸಿಕೊಟ್ಟಿದ್ದ. ಅಮ್ಮ ಇವತ್ತು ಮನೆಯಲ್ಲಿ ಕೂತು ರೇಡಿಯೊ ಕೇಳುತ್ತಿರುವುದು ಅವನಿಂದ.

ಸೂಜಿಯಿಲ್ಲದೆ ಅವನು ಎಷ್ಟು ಹೊತ್ತು ತಡೆದಾನು?

*

ಕಚೇರಿಯ ಫೋನ್ ಹೊಡೆದುಕೊಂಡಿತು. ಗೋಪೀನಾಥರು ಎತ್ತಿ, "ಸ್ಪರ್ಧೆ ನಿಂತೈತಮ್ಮ," ಎಂದು ಇಡಲು ಹೋದರು. ವಂದನಾ ಕಸಿದುಕೊಂಡಳು.

"ಯಾರಮ್ಮ?"

"ನಾ ಹೊಳೆಮ್ಮ ರೀ. ಊರ ಹೊರಗಿನ ಸಾಲ್ಯಾಗ ಬಿಸಿಯೂಟ ಮಾಡಾಕಿ. ಮೂರು ಸಲ ಫೋನ್ ಮಾಡೇನಿ, ಯಾರೂ ಕೇಳವಲ್ರು. ಹನ್ನೆರಡು ಗಂಟೀಗೆ ರೇಡ್ಯಾದಾಗ ನನ್ನ ಗಂಟಿ ಬಡೀತ್ರಿ."

"ನಿಮ್ಮ ಗಂಟೆನಾ?"

"ಹ್ಞೂಂ ರೀ. ಸಾಲಿ ಗಂಟಿ ನಾನ ಬಡಿಯೋದು. ರೈಲ್ ಕಂಬಿ ತುಂಡು, ಬಿರುಕು ಬಿಟ್ಟೈತಿ, ಒಡಕು ದನಿ. ಹಿಂದ ಹುಡುಗ್ರ ಪ್ರಾರ್ಥನೀನೂ ಕೇಳಸ್ತು. ಹನ್ನೆರಡಕ್ಕ ನಾ ಒಲಿ ಮುಂದ ಬ್ಯಾಳಿ ಕುದಸ್ತಿದ್ದೆ. ಗಂಟಿ ಯಾರು ಬಡದ್ರು?"

ವಂದನಾ ಆ ಕರೆಯ ರೆಕಾರ್ಡ್ ಹಾಕಿಸಿದಳು. ಹುಲುಗೇಶನ ದನಿ: "ಹುಡುಕ್ರಿ, ಹುಡುಕ್ರಿ, ನಾ ಇಲ್ಲೇ ಅದೀನಿ!" ಹಿಂದೆ, ತೀರಾ ಸಣ್ಣಗೆ, ಒಡಕು ಗಂಟೆ. ಆಮೇಲೆ ಮಕ್ಕಳ ದನಿ.

ಕಾನ್‌ಸ್ಟೆಬಲ್‌ನನ್ನು ಕನಕರಾಜನ ಪಕ್ಕ ಕೂರಿಸಿ ಜೀಪು ಹತ್ತಿದಳು.

*

ಶಾಲೆ ಪೇಟೆಯಿಂದ ಮೂರು ಕಿಲೋಮೀಟರ್. ಹೊಳೆಮ್ಮ ಗೇಟಿನಲ್ಲಿ ಕಾಯುತ್ತಿದ್ದಳು. ಕೈಯಲ್ಲಿ ತೊಳೆಯುತ್ತಿದ್ದ ಸೌಟು ಹಾಗೇ ಇತ್ತು.

"ಸಾಲಿ ಹಿಂದ ಅದಿರು ಲಾರಿ ತೂಕ ಮಾಡೋ ರೂಮ್ ಐತ್ರಿ. ಮುಚ್ಚಿ ನಾಕು ವರ್ಷಾತು. ಇವತ್ತು ಬಾಗಿಲಿಗೆ ಹೊಸ ಕೀಲಿ ಕಾಣಸ್ತೈತಿ."

ಬೀಗ ಒಡೆದರು. ತಗಡಿನ ಸೂರಿನ ಕೆಳಗೆ ಒಲೆಯಂಥ ಝಳ. ಮೂಲೆಯಲ್ಲಿ ಹುಲುಗೇಶ್ ಗೋಡೆಗೆ ಒರಗಿ ಬಿದ್ದಿದ್ದ. ತುಟಿ ಒಣಗಿತ್ತು. ಉಸಿರಿತ್ತು.

ಅವನನ್ನು ಹುಡುಕಲು ಹೊರಟ ಆಟೊಗಳು ಜೀಪಿನ ಹಿಂದೆಯೇ ಬಂದಿದ್ದವು. ಎಲ್ಲರೂ ಇಳಿದು, ರಸ್ತೆಯಲ್ಲಿದ್ದ ಲಾರಿಗಳನ್ನು ಕೈ ಬೀಸಿ ಬದಿಗೆ ಸರಿಸಿದರು. ಆಸ್ಪತ್ರೆಯವರೆಗೂ ಜೀಪು ಎಲ್ಲೂ ನಿಲ್ಲಲಿಲ್ಲ.

"ಇನ್ನೆರಡು ತಾಸು ತಡವಾಗಿದ್ರೆ ಕಷ್ಟ ಇತ್ತು," ಎಂದರು ಡಾಕ್ಟರು.

*

ಸಂಜೆ ಆರು. ರೇಡಿಯೊ ಕಚೇರಿ.

"ಹುಲುಗೇಶ್ ಉಳಿದ," ಎಂದಳು ವಂದನಾ. ಕನಕರಾಜ್ ತಲೆ ಎತ್ತಲಿಲ್ಲ.

"ಶಾಲೆ ಪ್ರಾರ್ಥನೆ ಒಂಬತ್ತೂವರೆಗೆ. ಆ ದನಿ ಹನ್ನೆರಡಕ್ಕೆ ಲೈವ್ ಬರೋಕೆ ಸಾಧ್ಯ ಇಲ್ಲ. ಅಂದ್ರೆ ಅದು ಬೆಳಿಗ್ಗೆ ರೆಕಾರ್ಡ್ ಮಾಡಿಟ್ಟ ಮಾತು. ಆ ಹೊತ್ತಿಗೆ ಗೋಪೀನಾಥರು ಇಲ್ಲಿರಲಿಲ್ಲ. ಗುಂಡಿ ಒತ್ತಿದವನು ನೀನು. ಲೈವ್ ಅಂತ ಹೇಳಿದವನೂ ನೀನು. ಡೀಸೆಲ್ ಬಂಕಿನಲ್ಲಿ ವಿಚಾರಿಸ್ದೆ. ನೀನು ಅಲ್ಲಿಗೆ ಹೋಗೇ ಇಲ್ಲ."

ಕನಕರಾಜ್ ಕುರ್ಚಿ ತಿರುಗಿಸಿ ಅವಳ ಕಡೆ ಮುಖ ಮಾಡಿದ.

"ಒಂಬತ್ತೂವರಿಗೆ ಲೈನ್ ಟೆಸ್ಟ್ ಅಂತ ಮಾತಾಡ್ಸಿದೆ. ಕಿಟಕಿ ತೆಗೆದಿದ್ದ, ನಾ ಗಮನಿಸ್ಲಿಲ್ಲ. ಜಾಗ ನನಗೊಬ್ಬಂಗೇ ಹೇಳಿದ್ದ. ಹತ್ತು ಗಂಟೀಗೆ ಅಲ್ಲಿಗೆ ಹೋಗಿ, ಫೋನ್ ಚಾರ್ಜ್ ಮಾಡಿ ಈಗ್ಲೇ ತರ್ತೀನಿ ಕೊಡು ಅಂದೆ. ಚೀಲಾನೇ ಕೊಟ್ಟ. ಆಟ ಕೆಡ್ತೈತಿ, ಸದ್ದು ಮಾಡಬ್ಯಾಡ ಅಂದು, ಕಿಟಕಿ ಮುಚ್ಚಿ, ಹೊರಗ ಬಂದು ಬೀಗ ಹಾಕ್ದೆ. ಊಟಕ್ಕ ಹೋದಾಗ ಚೀಲ ಹೊಸಪೇಟಿ ಬಸ್ಸಿನಾಗ ಇಟ್ಟೆ, ಜನ ಆ ಕಡೆ ಹೋಗ್ಲಿ ಅಂತ. ಸೂಜಿ ಐತಿ ಅಂತ ಗೊತ್ತಿದ್ದಿಲ್ರಿ, ನಾ ಬಿಚ್ಚಿ ನೋಡ್ಲೇ ಇಲ್ಲ."

"ಯಾಕೆ?"

"ಆರು ಗಂಟೀಗೆ ನಾನೇ ಹುಡುಕಿ, ಮೈಕ್ ಹಿಡಿದು ಹೇಳಬೇಕಂತಿದ್ದೆ. ಹನ್ನೆರಡು ವರ್ಷ ಈ ಗಾಜಿನ ಹಿಂದ ಅದೀನಿ. ನನ್ನ ದನಿ ಒಬ್ರಿಗೂ ಗೊತ್ತಿಲ್ಲ."

"ಚೀಲ ಸಿಕ್ಕಿದ್ಮೇಲೆ, ಸೂಜಿ ವಿಷಯ ತಿಳಿದ್ಮೇಲೂ ಬಾಯಿ ಬಿಡ್ಲಿಲ್ಲ ನೀನು," ಎಂದಳು ವಂದನಾ. ಕಾನ್‌ಸ್ಟೆಬಲ್ ಅವನನ್ನು ಕರೆದೊಯ್ದ.

*

ನಾಲ್ಕನೇ ದಿನ ಹುಲುಗೇಶ್ ಆಸ್ಪತ್ರೆಯಿಂದ ಮನೆಗೆ ಹೋಗಲಿಲ್ಲ. ವಂದನಾಳ ಜೀಪಿನಲ್ಲಿ ನೇರ ಶಾಲೆಗೆ ಬಂದ. ಹೊಳೆಮ್ಮ ಮಕ್ಕಳಿಗೆ ಬಡಿಸುತ್ತಿದ್ದಳು. ದಿನಕ್ಕೆ ಆರು ತಾಸು ಮಾತಾಡುವವನು ಅವಳ ಮುಂದೆ ಕೈ ಮುಗಿದು ನಿಂತ. ಬಾಯಿ ತೆರೆದ. ಒಂದು ಅಕ್ಷರವೂ ಹೊರಡಲಿಲ್ಲ. ಕಣ್ಣು ಮಾತ್ರ ತುಂಬಿತು.

ಹೊಳೆಮ್ಮ ತಟ್ಟೆಯೊಂದನ್ನು ಸೆರಗಿನಲ್ಲಿ ಒರೆಸಿ ಸಾಲಿನ ಕೊನೆಯಲ್ಲಿಟ್ಟಳು. ಪಕ್ಕದಲ್ಲಿ ವಂದನಾಳಿಗೂ ಒಂದು.

"ಕುಂದ್ರಪ," ಎಂದಳು. "ಮೊದ್ಲು ಉಣ್ಣು. ಮಾತು ಎಲ್ಲಿಗೆ ಹೋಗ್ತೈತಿ?"