ಆಕಾಶದ ನಾಲ್ವರು ಅಕ್ಕಂದಿರು

ಬಹಳ ಹಿಂದೆ ಮಂಜುಗಡಲು ಎಂಬ ರಾಜ್ಯವಿತ್ತು. ಅಲ್ಲಿ ನೆಲಕ್ಕಿಂತ ನೀರು ಹೆಚ್ಚು, ನೀರಿಗಿಂತ ಮಂಜು ಹೆಚ್ಚು. ದೋಣಿಯ ಮುಂದೆ ಕೂತವನಿಗೆ ಹಿಂದೆ ಹುಟ್ಟು ಹಾಕುವವನ ಮುಖ ಕಾಣುತ್ತಿರಲಿಲ್ಲ.

ಆದರೂ ಜನ ಮನೆ ಸೇರುತ್ತಿದ್ದರು. ಮಂಜಿನ ಮೇಲೆ ನಾಲ್ವರು ಅಕ್ಕಂದಿರು, ಒಬ್ಬರಿಗೊಬ್ಬರು ಸಿಗದಂತೆ, ತಮ್ಮ ತಮ್ಮ ಹಾದಿಯಲ್ಲಿ ಸುತ್ತುತ್ತ ಕೂಗುತ್ತಿದ್ದರು: “ನಾನು ಇಲ್ಲಿದ್ದೇನೆ. ಈಗ ಇಷ್ಟು ಹೊತ್ತು.” ಕೂಗು ಕೆಳಗಿಳಿಯಲು ಸಮಯ ಹಿಡಿಯುತ್ತಿತ್ತು. ಕೇಳಿದವರು ತಮ್ಮ ಗಳಿಗೆ ಬಟ್ಟಲನ್ನು ನೋಡುವರು. ಅದು ತಳದಲ್ಲಿ ಸಣ್ಣ ತೂತಿದ್ದ ತಾಮ್ರದ ಬಟ್ಟಲು; ಒಳಗೇರಿದ ನೀರು ಹೊತ್ತು ತೋರಿಸುತ್ತಿತ್ತು. ಕೂಗು ಎಷ್ಟು ತಡವೋ ಅಕ್ಕ ಅಷ್ಟು ದೂರ. ಬೂದಿ ಹರಡಿದ ಹಲಗೆಯ ಮೇಲೆ ಅಕ್ಕನಿರುವ ಜಾಗದ ಸುತ್ತ ಅಷ್ಟಗಲದ ಬಳೆ ಬರೆದರೆ, ದೋಣಿ ಆ ಬಳೆಯ ಮೇಲೆ ಎಲ್ಲೋ ಇರಬೇಕು. ಎರಡನೆಯ ಅಕ್ಕನ ಬಳೆ ಅದನ್ನು ಎರಡು ಕಡೆ ಕತ್ತರಿಸುವುದು. ಮೂರನೆಯದು ಆ ಎರಡರಲ್ಲಿ ಒಂದನ್ನು ಆರಿಸುವುದು. ಮೂರೇ ಸಾಕು ಎಂದು ನಾಲ್ಕನೆಯವಳಾದ ಕಿರಿಯಕ್ಕನ ಕೂಗನ್ನು ಯಾರೂ ಕೇಳುತ್ತಿರಲಿಲ್ಲ.

ಬಟ್ಟಲು ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತಿತ್ತು. ನಿಮ್ಮ ಬಟ್ಟಲು ತಪ್ಪು ಎಂದರೆ ಮನೆತನಕ್ಕೇ ಬೈದಂತೆ. ಹಾಗಾಗಿ ಬಳೆಗಳು ಒಂದೆಡೆ ಕೂಡದಿದ್ದರೆ ಜನ ಬೆರಳಿನಿಂದ ಬೂದಿ ಸವರಿ ಕೂಡಿಸಿಬಿಡುತ್ತಿದ್ದರು.

ಕೆಸರುಗದ್ದೆಯ ಮಾಂತ್ರಿಕ ಹೊಗೆಗಣ್ಣ ಇದನ್ನು ಕಂಡುಕೊಂಡ. ಹಿರಿಯಕ್ಕನ ದನಿಯಲ್ಲಿ ಎಳೆಯಷ್ಟನ್ನು ಬಿಟ್ಟು ಉಳಿದದ್ದನ್ನೆಲ್ಲ ಕದ್ದು, ಅವಳಿಗಿಂತ ಗಟ್ಟಿಯಾಗಿ, ಹೊತ್ತು ತಪ್ಪಿಸಿ ಕೂಗತೊಡಗಿದ. ಜನ ಬೂದಿ ಸವರಿದರು, ದೋಣಿಗಳು ಅವನ ಕೆಸರಿಗೆ ಹೋದವು. ಅಲ್ಲಿ ಕೂತವರಿಗೆ ಅದೇ ತಮ್ಮ ಮನೆ ಎನಿಸುತ್ತಿತ್ತು. ಹುಣ್ಣಿಮೆಯ ದಿನ ಅವರು ಜೊಂಡುಹುಲ್ಲಾಗಿ ಬೇರು ಬಿಡುತ್ತಿದ್ದರು.

ಮಾಚವ್ವೆಯ ತಮ್ಮ ಸಂಕಣ್ಣನೂ ಮರಳಲಿಲ್ಲ. ಅವಳಿಗೆ ಅವನ ಹೊರತು ಯಾರೂ ಇರಲಿಲ್ಲ. ಒಂದೇ ತಟ್ಟೆ ಹಾಕಿಕೊಂಡು ಕೂತಳು, ಉಣ್ಣಲಾರದೆ ಎದ್ದಳು. ಹುಣ್ಣಿಮೆ ಹತ್ತಿರವಾಗಿತ್ತು. ಜೊತೆಗೆ ಬರಲು ಯಾರೂ ಒಪ್ಪಲಿಲ್ಲ. ಒಬ್ಬಳೇ ದೋಣಿ ಹತ್ತಿದಳು.

ನಡುನೀರಿನಲ್ಲಿ ಒಂದು ಬಂಡೆ, ಅದರ ಮೇಲೆ ಮಾತಾಡುವ ಮುದಿ ಮೊಸಳೆ.

“ನಿಲ್ಲು ತಂಗಿ. ನೀನೆಲ್ಲಿದ್ದೀ ಹೇಳು, ಬಿಡುತ್ತೇನೆ. ತಿಳಿಯದೆ ಹೋದವರು ಯಾರೂ ವಾಪಸು ಬರಲಿಲ್ಲ.”

ಮಾಚವ್ವೆ ಮೂರು ಕೂಗು ಕೇಳಿದಳು, ಬಳೆ ಬರೆದಳು, ಬೂದಿ ಸವರಿದಳು. “ಉಪ್ಪುಗುಡ್ಡದ ಪಕ್ಕದಲ್ಲಿ.”

“ತಪ್ಪು. ಬಳೆಗಳು ತಾವೇ ಕೂಡಿದವೋ, ನೀನು ಕೂಡಿಸಿದೆಯೋ?”

ಎರಡನೆಯ ಸಲ ಅವಳು ಬೂದಿ ಸವರಲಿಲ್ಲ. ಬಳೆಗಳು ಕೂಡಲಿಲ್ಲ.

“ನಿನ್ನ ಬಟ್ಟಲೇ ತಪ್ಪಿರಬೇಕು” ಎಂದಿತು ಮೊಸಳೆ.

“ಬಾಯಿ ಮುಚ್ಚು ಮೊಸಳೆಯಣ್ಣ! ಇದು ನನ್ನಜ್ಜಿಯದು.”

“ಅಜ್ಜಿಯದಾದರೆ ತೂತು ಸವೆಯುವುದಿಲ್ಲವೇ? ನನ್ನಜ್ಜಿಯ ಹಲ್ಲೂ ಒಂದು ಕಾಲಕ್ಕೆ ಚೂಪಾಗಿಯೇ ಇತ್ತು!”

ಮಾಚವ್ವೆಗೆ ನಗುವೂ ಬಂತು, ಅಳುವೂ ಬಂತು. “ಹೌದು, ನನ್ನ ಬಟ್ಟಲು ತಪ್ಪು” ಎಂದಳು.

“ಹಾಗಾದರೆ ಕಿರಿಯಕ್ಕನ ಕೂಗನ್ನೂ ಕೇಳು. ತಪ್ಪು ಬಟ್ಟಲಿನದಾದರೆ ನಾಲ್ಕು ಬಳೆಗಳಲ್ಲೂ ಅದೇ ತಪ್ಪು. ನಾಲ್ಕನ್ನೂ ಒಂದೇ ಅಳತೆಯಲ್ಲಿ ಹಿಗ್ಗಿಸು, ಕುಗ್ಗಿಸು.”

ಮೂರನೆಯ ಸಲ ಹಾಗೆಯೇ ಮಾಡಿದಳು. ಆಗಲೂ ಕೂಡಲಿಲ್ಲ. ಬಟ್ಟಲಿನ ತಪ್ಪಷ್ಟೇ ಅಲ್ಲ, ಯಾರೋ ಸುಳ್ಳು ಹೇಳುತ್ತಿದ್ದಾರೆ! ಅಷ್ಟು ಎತ್ತರದಿಂದ ಇಳಿದ ದನಿ ಇಷ್ಟು ಗಟ್ಟಿಯಾಗಿ ಹೇಗಿರುತ್ತದೆ ಎಂದುಕೊಂಡು ಕಣ್ಣು ಮುಚ್ಚಿದಳು. ಹಿರಿಯಕ್ಕನ ಅಬ್ಬರದ ಕೂಗಿನ ಅಡಿಯಲ್ಲಿ ಅದೇ ಅಕ್ಕನ ಎಳೆಯಂಥ ಇನ್ನೊಂದು ದನಿ ಕೇಳಿಸಿತು.

“ಅಕ್ಕಾ, ನಾನು ಕೇಳುತ್ತಿದ್ದೇನೆ!” ಎಂದು ಕೂಗಿದಳು.

“ಅವರಿಗೆ ಕೇಳಿಸದು” ಎಂದಿತು ಮೊಸಳೆ. “ಯಾರು ಕೇಳಿದರು, ಯಾರು ತಲುಪಿದರು, ಒಂದೂ ತಿಳಿಯದು. ಸುಮ್ಮನೆ ಕೂಗುತ್ತಾರೆ.”

ಮಾಚವ್ವೆ ತುಸು ಹೊತ್ತು ಮೇಲೆಯೇ ನೋಡಿದಳು. ಆಮೇಲೆ ಗಟ್ಟಿ ದನಿ ಬಿಟ್ಟು ಆ ತೆಳು ದನಿ ಹಿಡಿದು ಬಳೆ ಬರೆದಳು, ನಾಲ್ಕನ್ನೂ ಒಂದೇ ಅಳತೆಯಲ್ಲಿ ಕುಗ್ಗಿಸಿದಳು. ನಾಲ್ಕೂ ಒಂದೇ ಚುಕ್ಕೆಯಲ್ಲಿ ಕೂಡಿದವು.

“ನಿನ್ನ ಬಂಡೆಯ ದಕ್ಷಿಣದ ಮೂಲೆಯಲ್ಲಿದ್ದೇನೆ. ಮುಂದಿರುವುದು ಕೆಸರು.”

ಮೊಸಳೆ ದಾರಿ ಬಿಟ್ಟಿತು.

ಸಂಕಣ್ಣ ಸೊಂಟದವರೆಗೆ ಕೆಸರಿನಲ್ಲಿ ಕೂತು ನಗುತ್ತಿದ್ದ. “ಬಂದೆಯಾ ಅಕ್ಕ? ಕೈಕಾಲು ತೊಳೆದುಕೋ, ಊಟಕ್ಕೆ ಕೂರೋಣ.”

“ಏಳೋ, ಇದು ಮನೆಯಲ್ಲ.”

“ನಿನಗೇನು ಹುಚ್ಚೇ? ಹೊಸ್ತಿಲಲ್ಲಿ ನಿಂತು ಹೀಗನ್ನುತ್ತೀಯಲ್ಲ!”

ಹೊಗೆಗಣ್ಣ ಗಹಗಹಿಸಿದ. “ನೀನು ಹೇಳಿದರೆ ಏನೂ ಆಗದು. ನನ್ನ ಮಾಟ ಮುರಿಯಲು ಅದು ಅವನ ಬಾಯಿಂದಲೇ ಬರಬೇಕು. ದಾರಿ ತಪ್ಪಿದೆನೆಂದು ಇಲ್ಲಿ ಇದುವರೆಗೆ ಒಬ್ಬನೂ ಒಪ್ಪಿಲ್ಲ!”

ಮಾಚವ್ವೆ ವಾದಿಸಲಿಲ್ಲ. ಹಲಗೆಯನ್ನೂ ಬಟ್ಟಲನ್ನೂ ತಮ್ಮನ ಮುಂದಿಟ್ಟಳು. “ನೀನೇ ಬರೆ. ಗಟ್ಟಿ ದನಿ ಬಿಡು, ತೆಳು ದನಿ ಕೇಳು. ನಾಲ್ಕನ್ನೂ ಒಂದೇ ಅಳತೆಯಲ್ಲಿ ಕುಗ್ಗಿಸು, ಬೂದಿ ಸವರಬೇಡ.”

ಅವಳನ್ನು ಹಂಗಿಸುತ್ತಲೇ ಸಂಕಣ್ಣ ನಾಲ್ಕು ಬಳೆ ಬರೆದ. ಅವು ಕೂಡಿದ ಚುಕ್ಕೆಯನ್ನು ಬಗ್ಗಿ ನೋಡಿದ, ಆಮೇಲೆ ತನ್ನ ಸುತ್ತ ನೋಡಿದ. “ಅಕ್ಕಾ… ನಾನು ಕೆಸರಿನಲ್ಲಿ ಕೂತಿದ್ದೇನೆ.”

ಆ ಮಾತಿಗೆ ಹೊಗೆಗಣ್ಣನ ಗಂಟಲು ಬಿರಿಯಿತು. ಕದ್ದ ದನಿ ಮೇಲಕ್ಕೆ ಹಾರಿಹೋಯಿತು. ಅವನು ಕೆಸರಿನ ಗುಳ್ಳೆಯಾಗಿ ಒಡೆದುಹೋದ. ಜೊಂಡುಹುಲ್ಲೆಲ್ಲ ಮನುಷ್ಯರಾಗಿ ಎದ್ದು ನಿಂತಿತು.

ಅಂದಿನಿಂದ ಎಲ್ಲರೂ ಮಾಚವ್ವೆಯಂತೆ ನಾಲ್ಕು ಬಳೆ ಬರೆದರು; ಮೀನುಗಾರರು ದಡ ತಪ್ಪಲಿಲ್ಲ. ಸೂಲಗಿತ್ತಿಯರು ಹೆರಿಗೆಯ ಮನೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿದರು. ಎಲ್ಲ ದ್ವೀಪಗಳ ಗಂಟೆಗಳೂ ಒಂದೇ ಗಳಿಗೆಗೆ ಮೊಳಗಿದವು. “ನಿಮ್ಮ ಬಟ್ಟಲು ಎಷ್ಟು ತಪ್ಪು?” ಎಂದು ಕೇಳುವುದು ಕುಶಲ ವಿಚಾರಿಸಿದಷ್ಟೇ ಸಹಜವಾಯಿತು.

ಕೆಸರಿನಿಂದ ಮರಳಿದ ಆ ದಿನ ದೋಣಿ ಮನೆಯ ಮೆಟ್ಟಿಲಿಗೆ ತಾಗಿದರೂ ಸಂಕಣ್ಣ ಇಳಿಯಲಿಲ್ಲ. “ನಿಜವಾಗಿಯೂ ಮನೆಯೇ ಅಕ್ಕ?” ಎಂದ.

ಮಾಚವ್ವೆ ಗದರಲಿಲ್ಲ. ಹುಟ್ಟು ಕೆಳಗಿಟ್ಟು ಕಾದಳು. ಸಂಕಣ್ಣ ಮಂಜಿನಲ್ಲಿ ತಲೆಯೆತ್ತಿ ನಾಲ್ವರು ಅಕ್ಕಂದಿರ ಕೂಗನ್ನೂ ಒಂದೊಂದಾಗಿ ಕೇಳಿ ಬಳೆ ಬರೆದ. ಬಳೆಗಳು ತಮ್ಮ ಮನೆಯ ಹೊಸ್ತಿಲಿನ ಮೇಲೆಯೇ ಕೂಡಿದವು. ಆಗ ಇಳಿದು ಒಳಗೆ ಹೋದ. ಅಕ್ಕ ತಮ್ಮ ಬಹುಕಾಲ ಸುಖವಾಗಿದ್ದರು.