ಬುಧವಾರದ ಇಪ್ಪತ್ತೈದು ನಿಮಿಷ

ದೊಡ್ಡಮ್ಮ ಆ ಮಾತನ್ನು ಹೇಳಿದ್ದು ಟೀ ಕಪ್ಪಿನ ಅಂಚು ಒರೆಸುತ್ತ, ಇವತ್ತು ಸೆಖೆ ಜಾಸ್ತಿ ಎನ್ನುವಷ್ಟು ಸಲೀಸಾಗಿ.

"ಆ ಹುಡುಗಿ ಕಾಗದ ಬರೆದಿದಾಳೆ ಕಣೇ. ಗುರುವಾರ ನಾಲ್ಕು ಗಂಟೆಗೆ ಬರ್ತಾಳಂತೆ. ಹಳೇ ಪುಸ್ತಕ ತೆಗೆದು ತೋರಿಸ್ಬಿಡ್ತೀನಿ. ಇನ್ನೆಷ್ಟು ದಿನ ಅಂತ ಹೊಟ್ಟೇಲಿ ಇಟ್ಕೊಂಡಿರೋದು?"

ಯಾವ ಹುಡುಗಿ ಎಂದು ಸೂಜಿಯಕ್ಕ ಕೇಳಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಆ ಮನೆಯಲ್ಲಿ ಆ ಹುಡುಗಿ ಎಂದರೆ ಒಬ್ಬಳೇ. "ಒಳ್ಳೇದು ದೊಡ್ಡಮ್ಮ" ಎಂದಳು. ಕಪ್ಪುಗಳನ್ನು ತೊಳೆದಿಟ್ಟಳು. ಮಹಡಿಗೆ ಹೋಗುವ ಹಿಂದಿನ ಮೆಟ್ಟಿಲು ಹತ್ತುವಾಗ ಮೊದಲ ಬಾರಿಗೆ ಅವುಗಳನ್ನು ಎಣಿಸಿದಳು. ಹದಿನೆಂಟು.

ಅವಳ ನಿಜವಾದ ಹೆಸರು ಬೀದಿಯಲ್ಲಿ ಎಲ್ಲರಿಗೂ ಮರೆತುಹೋಗಿತ್ತು. ಮುಖಕ್ಕೆ ಸೂಜಿ ಹಾಕುವವಳು, ಆದ್ದರಿಂದ ಸೂಜಿಯಕ್ಕ. ಒಂಬತ್ತನೇ ವಯಸ್ಸಿಗೆ ತಾಯಿ ಹೋದ ಮೇಲೆ ತಾಯಿಯ ಅಕ್ಕನೇ ಅನ್ನ ಹಾಕಿದ್ದು, ಓದಿಸಿದ್ದು, ಕೊನೆಗೆ ಕೈ ಹಿಡಿದು ಈ ವಿದ್ಯೆ ಕಲಿಸಿದ್ದು. ಕೂದಲಿನಷ್ಟು ತೆಳುವಾದ ಸೂಜಿಗಳು. ಹಣೆಗೆ ಎಂಟು, ಹುಬ್ಬಿನ ನಡುವೆ ಎರಡು, ಕಣ್ಣಿನ ಸುತ್ತ, ಕೆನ್ನೆಗೆ, ತುಟಿಯ ಅಂಚಿಗೆ, ದವಡೆಗೆ. ಒಟ್ಟು ಮೂವತ್ತಾರು. ಒಂದೊಂದು ಚುಚ್ಚೂ ಒಂದು ಸಣ್ಣ ಗಾಯ. ಅದನ್ನು ಮಾಯಿಸಲು ರಕ್ತ ಅಲ್ಲಿಗೆ ಓಡಿಬರುತ್ತದೆ, ಮುಖ ಕೊಂಚ ಕೆಂಪಗಾಗಿ ತಾಜಾ ಕಾಣುತ್ತದೆ. ಗಿರಾಕಿಗಳಿಗೆ ಅವಳು ಇಷ್ಟೇ ಹೇಳುತ್ತಿದ್ದುದು. ಸುಕ್ಕು ಮಾಯವಾಗುತ್ತದೆ, ವಯಸ್ಸು ಹಿಂದಕ್ಕೋಡುತ್ತದೆ ಎಂದು ಒಂದು ದಿನವೂ ಅಂದವಳಲ್ಲ. ಸುಳ್ಳು ಹೇಳದವಳು ಎಂಬ ಹೆಸರೇ ಅವಳ ಬಂಡವಾಳ.

ಆ ಹೆಸರಿನ ಬುಡದಲ್ಲಿ ಒಂದು ಸುಳ್ಳಿತ್ತು. ಆಗ ಅವಳಿಗೆ ಇಪ್ಪತ್ತನಾಲ್ಕು. ಮದುವೆಗೆ ವಾರವಿದ್ದ ಹುಡುಗಿಯೊಬ್ಬಳು ಮುಖದ ಕಳೆಗೆಂದು ಬಂದಿದ್ದಳು. ಕಿವಿಯ ಹಿಂದಿನ ಜಾಗಕ್ಕೆ ತಾನಿಲ್ಲದೆ ಕೈ ಹಾಕಬೇಡ ಎಂದು ದೊಡ್ಡಮ್ಮ ನೂರು ಸಲ ಹೇಳಿದ್ದರು. ಕೈ ಪಳಗಿದೆ ಎಂಬ ಕೊಬ್ಬು. ಹಾಕಿದಳು, ಅದೂ ಬೇಕಾದ್ದಕ್ಕಿಂತ ಆಳಕ್ಕೆ. ಸಂಜೆಯೊಳಗೆ ಹುಡುಗಿಯ ಎಡಗೆನ್ನೆ ಜೋತುಬಿತ್ತು. "ನರಕ್ಕೆ ಗಾಳಿ ಬಡಿದಿದೆ, ತಾನಾಗೇ ಸರಿಹೋಗುತ್ತೆ" ಎಂದು ದೊಡ್ಡಮ್ಮ ಮನೆಯವರಿಗೆ ಹೇಳಿ ಕಳಿಸಿದರು. ಮುಕ್ಕಾಲು ಪಾಲು ಸರಿಹೋಯಿತು. ಕಾಲು ಪಾಲು ಹೋಗಲಿಲ್ಲ. ಮದುವೆಯ ಫೋಟೋಗಳಲ್ಲೆಲ್ಲ ಆ ಹುಡುಗಿ ತುಟಿ ಬಿಗಿಹಿಡಿದು ನಿಂತಿದ್ದಾಳೆಂದು ಯಾರೋ ಹೇಳಿದ್ದರು. ಆ ಫೋಟೋಗಳನ್ನು ಸೂಜಿಯಕ್ಕ ನೋಡಿರಲಿಲ್ಲ. ಆದರೂ ಕನ್ನಡಿಯೆದುರು ನಗುವಾಗೆಲ್ಲ ಅವು ಕಣ್ಣಿಗೆ ಕಟ್ಟುತ್ತಿದ್ದವು.

ಹೊರಗೆ ಏನೇ ಹೇಳಲಿ, ದೊಡ್ಡಮ್ಮ ಪುಸ್ತಕಕ್ಕೆ ಸುಳ್ಳು ಬರೆಯುವವರಲ್ಲ. ಯಾವ ದಿನ, ಯಾರ ಮುಖ, ಯಾವ ಬಿಂದು, ಯಾರ ಕೈ. ಎಲ್ಲ ನೀಲಿ ರಟ್ಟಿನ ಪುಸ್ತಕದಲ್ಲಿರುತ್ತಿತ್ತು. ಆ ದಿನದ ಪುಟವನ್ನು ತೆರೆದು ನೋಡುವ ಧೈರ್ಯ ಸೂಜಿಯಕ್ಕನಿಗೆ ಒಂದು ಸಲವೂ ಬಂದಿರಲಿಲ್ಲ. ಹುಡುಗಿಯ ಕಾಗದವನ್ನು ಸೂಜಿಯಕ್ಕ ಕದ್ದು ಓದಿದಳು. "ದಾಖಲೆ ಇದ್ದರೆ ವೈದ್ಯ ಮಂಡಳಿಗೆ ಹೋಗುತ್ತೇನೆ. ಇಲ್ಲದಿದ್ದರೆ ನನ್ನ ಹಣೆಬರಹ ಎಂದು ಸುಮ್ಮನಾಗುತ್ತೇನೆ" ಎಂದಿತ್ತು. ಹುಡುಗಿ ಮಂಡಳಿಗೆ ಹೋದರೆ ಸೂಜಿಯಕ್ಕನ ಪರವಾನಗಿ ಉಳಿಯುವುದಿಲ್ಲ. ಸೂಜಿ ಬಿಟ್ಟು ಅವಳಿಗೆ ಬೇರೇನೂ ಬಾರದು. ಗಂಡನಿಲ್ಲ, ಮಕ್ಕಳಿಲ್ಲ, ಇದ್ದದ್ದು ಆ ಮಹಡಿಯ ಎರಡು ಕೋಣೆ. ದೊಡ್ಡಮ್ಮನಿಗೆ ಎಪ್ಪತ್ತೆಂಟು. ನಿನ್ನೆ ಬಂದವರ ಹೆಸರು ಇವತ್ತು ನೆನಪಿರುವುದಿಲ್ಲ. ಪುಸ್ತಕ ನೋಡದೆ ಯಾರ ಬಗ್ಗೆಯೂ ಬಾಯಿಬಿಡುವುದಿಲ್ಲ. ಪುಸ್ತಕವಿಲ್ಲದಿದ್ದರೆ ಅವರ ಮಾತು ಬರೀ ಮುದುಕಿಯ ಮಾತು. ಹೀಗೆ ಯೋಚಿಸಿದ್ದಕ್ಕೆ ಅವಳಿಗೆ ಅಸಹ್ಯವಾಯಿತು. ಯೋಚನೆ ಮಾತ್ರ ನಿಲ್ಲಲಿಲ್ಲ.

ದೊಡ್ಡಮ್ಮ ಪ್ರತಿ ಬುಧವಾರ ಹನ್ನೊಂದಕ್ಕೆ ಮಂಡಿಯ ವ್ಯಾಯಾಮಕ್ಕೆ ಹೋಗುತ್ತಾರೆ, ಹನ್ನೆರಡಕ್ಕೆ ಬರುತ್ತಾರೆ. ಕೆಳಗಿನ ಮನೆಯ ಹಿಂಬಾಗಿಲಿಗೆ ಹಗಲು ಬರೀ ಚಿಲಕ. ಪುಸ್ತಕವಿರುವ ಬೀರುವಿಗೆ ಎರಡು ಕೀಲಿ, ಒಂದು ಅವರ ಬಳಿ, ಇನ್ನೊಂದು ಇವಳ ಬಳಿ. ಆದ್ದರಿಂದ ಕೀಲಿ ಬಳಸಕೂಡದು, ಬೀಗ ಒಡೆಯಬೇಕು. ಬರೀ ಪುಸ್ತಕ ಹೋದರೆ ಬೆರಳು ನೇರ ತನ್ನತ್ತ ತಿರುಗುತ್ತದೆ. ಆದ್ದರಿಂದ ಪಕ್ಕದಲ್ಲಿದ್ದ ಹಳೆಯ ಕ್ಯಾಮೆರಾವನ್ನೂ, ಅದರಡಿಯ ಇನ್ನೂ ನಾಲ್ಕು ಪುಸ್ತಕಗಳನ್ನೂ ಎತ್ತಬೇಕು. ಚೀಲ ಸಿಕ್ಕಿತು, ಬಾಚಿಕೊಂಡು ಹೋದ ಎನ್ನುವಂತಿರಬೇಕು ಕಳ್ಳನ ಕೆಲಸ. ಇಷ್ಟೆಲ್ಲ ಮಾಡಿದರೂ ದೊಡ್ಡಮ್ಮನಿಗೆ ಒಂದು ಕ್ಷಣ ಅನುಮಾನ ಬಂದೇ ಬರುತ್ತದೆ. ಆ ಕ್ಷಣಕ್ಕೆ ಅವಳಿಗೊಂದು ಸಾಕ್ಷಿ ಬೇಕಿತ್ತು.

ಸಾಕ್ಷಿ ಬುಧವಾರ ಹನ್ನೊಂದಕ್ಕೆ ತಾನಾಗಿಯೇ ನಡೆದು ಬರುತ್ತಿತ್ತು. ನಿವೃತ್ತ ಮುಖ್ಯೋಪಾಧ್ಯಾಯಿನಿ, ಎಲ್ಲರಿಗೂ ಹೆಡ್‌ಮಿಸ್ಸು. ಮೂವತ್ತು ವರ್ಷ ಮಕ್ಕಳ ಸುಳ್ಳುಗಳನ್ನು ಹಿಡಿದವರು, ತಾವು ಒಂದೂ ಹೇಳದವರು. ದೊಡ್ಡಮ್ಮನ ಜೀವದ ಗೆಳತಿ. ಅವರು ಹೌದೆಂದರೆ ದೊಡ್ಡಮ್ಮನಿಗೆ ಅದೇ ವೇದವಾಕ್ಯ. ಮುಖದಲ್ಲಿ ಮೂವತ್ತಾರು ಸೂಜಿ ಹೊತ್ತು, ಕಣ್ಣ ಮೇಲೆ ಒದ್ದೆ ಹತ್ತಿ ಇಟ್ಟುಕೊಂಡು, ಇಪ್ಪತ್ತೈದು ನಿಮಿಷ ಅಲುಗಾಡದೆ ಮಲಗುವವರಿಗಿಂತ ಒಳ್ಳೆಯ ಸಾಕ್ಷಿ ಯಾರು? ನೋಡಲಾಗದು, ತಿರುಗಲಾಗದು, ತುಟಿಯಂಚಿನಲ್ಲಿ ಸೂಜಿಯಿರುವುದರಿಂದ ಮಾತೂ ಆಡಲಾಗದು. ಕಿವಿ ಮಾತ್ರ ತೆರೆದಿರುತ್ತದೆ.

ಕಿವಿಗೆ ಬೇಕಾದ್ದನ್ನು ಅವಳು ಮೂರು ದಿನ ಅಭ್ಯಾಸ ಮಾಡಿದಳು. ಸ್ಟೂಲಿನ ಮೇಲೆ ತೆರೆದ ಮ್ಯಾಗಜೀನು, ಅದರತ್ತ ತಲೆ ತಿರುಗಿಸುವ ಟೇಬಲ್ ಫ್ಯಾನು. ಫ್ಯಾನು ಅತ್ತ ಹೋಗಿ ಇತ್ತ ಬರುವಾಗೊಮ್ಮೆ ಒಂದೆರಡು ಹಾಳೆ ಮಗುಚುತ್ತವೆ. ಬೆನ್ನಿಗೆ ಕ್ಲಿಪ್ಪು ಹಾಕಿದರೆ ಹಾಳೆ ಒಂದೊಂದಾಗಿ ಮಾತ್ರ ಏಳುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಯಾರೋ ಸಾವಧಾನವಾಗಿ ಓದುತ್ತ ಕೂತಂತೆಯೇ ಇತ್ತು. ಎಷ್ಟು ಸರಿಯಾಗಿತ್ತೆಂದರೆ, ಮಂಗಳವಾರ ಪಕ್ಕದ ಕೋಣೆಯಲ್ಲಿದ್ದ ಅವಳೇ ಒಮ್ಮೆ ಬೆಚ್ಚಿ ಇಣುಕಿದಳು.

ಬುಧವಾರ ಹೆಡ್‌ಮಿಸ್ಸು ಸರಿಯಾಗಿ ಹನ್ನೊಂದಕ್ಕೆ ಬಂದರು.

"ಬಂದೆ ಕಣೇ ತಾಯಿ. ಮೊಮ್ಮಗಳು ಹೇಳ್ತಾಳೆ, ಅಜ್ಜಿ, ನೀನು ವಾರಕ್ಕೊಂದು ದಿನ ಮುಳ್ಳುಹಂದಿ ಆಗ್ತೀಯ ಅಂತ. ಆಗ್ಲಿ ಬಿಡು, ಮುಳ್ಳುಹಂದೀನ ಯಾರೂ ಮುದುಕಿ ಅನ್ನಲ್ಲ."

"ಮಾತಾಡ್ಬೇಡಿ ಮಿಸ್, ತುಟಿ ಹತ್ರ ಬಂದಿದೀನಿ."

"ಮಾತಾಡ್ಬೇಡ ಅಂತ ನಾನು ಜನ್ಮವೆಲ್ಲ ಅಂದೆ. ಈಗ ನಂಗೇ ಅಂತೀಯ. ಇದಕ್ಕೇ ಕರ್ಮ ಅನ್ನೋದು."

ಅವಳು ಮುಂದಿನ ಸೂಜಿ ತೆಗೆದುಕೊಂಡಳು. ಕೈ ಎಂದಿನ ನಯದಲ್ಲಿ ಮುಂದುವರಿಯಿತು. ಒಂಬತ್ತು ನಿಮಿಷದಲ್ಲಿ ಮೂವತ್ತಾರೂ ಮುಗಿದವು. ಕಣ್ಣಿಗೆ ಹತ್ತಿ ಇಟ್ಟಳು. ಹೊದಿಸಿದ್ದ ಅವರದೇ ಶಾಲು ಸರಿಪಡಿಸಿ, ಅವರ ಕೈ ನೇವರಿಸಿ ಹೇಳಿದಳು: "ಇವತ್ತು ಬೇರೆ ಯಾರೂ ಬರಲ್ಲ ಮಿಸ್. ನಾನು ಇಲ್ಲೇ ಓದ್ತಾ ಕೂತಿರ್ತೀನಿ. ನೀವು ನಿದ್ದೆ ಮಾಡಿ."

ಐದು ನಿಮಿಷ ನಿಜವಾಗಿಯೂ ಕೂತಳು, ತಾನೇ ಹಾಳೆ ತಿರುಗಿಸಿದಳು. ಆಮೇಲೆ ಫ್ಯಾನಿಗೆ ಕೆಲಸ ಒಪ್ಪಿಸಿ, ಬರಿಗಾಲಿನಲ್ಲಿ ಹದಿನೆಂಟು ಮೆಟ್ಟಿಲಿಳಿದಳು. ಬೀಗ ಎರಡನೇ ಏಟಿಗೇ ಕಿತ್ತುಬಂತು. ದೊಡ್ಡಮ್ಮನ ವಸ್ತುಗಳೆಲ್ಲ ಅಷ್ಟೇ, ಯಾರನ್ನೂ ತಡೆಯಲು ಮಾಡಿದಂಥವಲ್ಲ. ಪುಸ್ತಕಗಳು, ಕ್ಯಾಮೆರಾ, ಚೀಲ. ಮೇಲೆ ಬಂದು ನೀರಿನ ತೊಟ್ಟಿಯ ಹಿಂದೆ ಚೀಲ ಸೇರಿಸಿ, ಕೈ ತೊಳೆದು, ಮ್ಯಾಗಜೀನು ಎತ್ತಿಕೊಂಡು ಸ್ಟೂಲಿನಲ್ಲಿ ಕೂತು ಗಡಿಯಾರ ನೋಡಿದಳು. ಹೋಗಿಬರಲು ಹನ್ನೊಂದು ನಿಮಿಷ. ಹೆಡ್‌ಮಿಸ್ಸು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಸೂಜಿ ತೆಗೆಯುವಾಗ ಎಣಿಸಿದಳು. ಮೂವತ್ತಾರು ಹೋಗಿ ಮೂವತ್ತಾರೂ ಬಂದವು. ಒಂದೂ ತಪ್ಪಿರಲಿಲ್ಲ.

"ಎಷ್ಟು ಓದ್ತೀಯೇ ನೀನು!" ಎಂದರು ಹೆಡ್‌ಮಿಸ್ಸು, ಕನ್ನಡಿಯಲ್ಲಿ ಕೆನ್ನೆ ತಟ್ಟಿಕೊಳ್ಳುತ್ತ. "ನಿದ್ದೇಲೂ ಹಾಳೆ ಸದ್ದು ಕೇಳ್ತಿತ್ತು."

ಬೆಂಕಿಗೆ ವಾಸನೆಯಿದೆ, ನೀರಿಗಿಲ್ಲ. ಬಕೆಟ್ಟಿನಲ್ಲಿ ನೆನೆಹಾಕಿ ಕಿವುಚಿದರೆ ಕಾಗದ ಮತ್ತೆ ನಾರಾಗುತ್ತದೆ, ಶಾಯಿ ಬಿಡುತ್ತದೆ, ಚರಂಡಿ ಸೇರುತ್ತದೆ. ಅದೂ ಯೋಜನೆಯಲ್ಲಿತ್ತು. ಯೋಜನೆಯಲ್ಲಿ ಇಲ್ಲದ್ದೆಂದರೆ ಆ ಪುಟವನ್ನು ಓದುವುದು. ಹೆಡ್‌ಮಿಸ್ಸು ಹೋದ ಮೇಲೆ ಸ್ನಾನದ ಕೋಣೆಯ ಚಿಲಕ ಹಾಕಿಕೊಂಡು, ಹರಿಯುವ ಮುಂಚೆ ಕಣ್ಣಾಡಿಸಿದಳು. ದೊಡ್ಡಮ್ಮನ ದುಂಡಗಿನ ಅಕ್ಷರ. ತಾರೀಖು, ಹುಡುಗಿಯ ಹೆಸರು, ಕಿವಿಯ ಹಿಂದಿನ ಬಿಂದು. ಯಾರ ಕೈ ಎಂಬ ಕಡೆ ದೊಡ್ಡಮ್ಮ ತಮ್ಮದೇ ಹೆಸರು ಬರೆದಿದ್ದರು. ಕೆಳಗೊಂದು ಸಾಲು: "ತಪ್ಪು ನನ್ನದು. ನಾನು ಪಕ್ಕದಲ್ಲಿ ಇರಬೇಕಿತ್ತು."

ಅವಳು ಬಕೆಟ್ಟಿನ ಅಂಚು ಹಿಡಿದು ಕೂತಳು. ಗುರುವಾರ ಆ ಹುಡುಗಿಯೆದುರು ತೆರೆದುಕೊಳ್ಳಲಿದ್ದುದು ಈ ಪುಟ. ಹತ್ತೊಂಬತ್ತು ವರ್ಷದ ಹಿಂದೆಯೇ ದೊಡ್ಡಮ್ಮ ಇವಳನ್ನು ಅದರಿಂದ ಹೊರಗಿಟ್ಟಿದ್ದರು, ಅದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ತನ್ನನ್ನು ಕಾಯುತ್ತಿದ್ದ ಒಂದೇ ಕಾಗದವನ್ನು ಅವಳು ಕದ್ದಿದ್ದಳು. ಹಿಂದಿರುಗಿಸೋಣವೆಂದರೆ, ಹಾಕಿದ ಸೂಜಿಯನ್ನು ತೆಗೆಯಬಹುದು. ಒಡೆದ ಬೀಗವನ್ನು ಒಡೆಯದ ಹಾಗೆ ಮಾಡಲಾಗದು. ಕೆಳಗಿನಿಂದ "ಅಯ್ಯೋ, ಬಾರೇ ಇಲ್ಲಿ!" ಎಂಬ ಕೂಗು ಕೇಳಿಸಿತು. ಅವಳು ಕಣ್ಣು ಮುಚ್ಚಿ ಪುಟವನ್ನು ನೀರಿಗೆ ಅದುಮಿದಳು. ನೀಲಿ ಶಾಯಿ ಬೆರಳ ಸಂದಿಯಿಂದ ಎದ್ದು ಬಂತು.

ಗುರುವಾರ ಮೂರಕ್ಕೆ ಸುದ್ದಿ ತಿಳಿದು ಹೆಡ್‌ಮಿಸ್ಸು ಓಡಿಬಂದರು. ದೊಡ್ಡಮ್ಮ ರಾತ್ರಿಯಿಂದಲೂ, ಕಿತ್ತ ಬೀಗವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಕ್ಯಾಮೆರಾ ಹೋದ್ರೆ ಹೋಗ್ಲಿ," ಎಂದರು. "ಮುಖದ ಲೆಕ್ಕ ಬರೆದ ಪುಸ್ತಕ ತಗೊಂಡು ಕಳ್ಳ ಏನು ಮಾಡ್ತಾನೆ?" ಆಮೇಲೆ, ನೋಟ ಎತ್ತದೆ, "ನೀನು ಆಗ ಎಲ್ಲಿದ್ದೆ ಮಗಳೇ?"

ಅವಳು ಬಾಯಿ ತೆರೆಯುವ ಮುಂಚೆಯೇ ಹೆಡ್‌ಮಿಸ್ಸು ಗದರಿದರು. "ಏನು ಕೇಳ್ತಿದೀಯ ನೀನು? ನನ್ನ ಪಕ್ಕದಲ್ಲಿದ್ಲು! ಹನ್ನೊಂದರಿಂದ ಹನ್ನೆರಡರವರೆಗೂ ಕದಲಿಲ್ಲ. ಇಂಥ ಹುಡುಗೀನ ಅನುಮಾನಿಸ್ತೀಯಲ್ಲ, ನಾಚಿಕೆ ಆಗ್ಬೇಕು ನಿಂಗೆ."

ದೊಡ್ಡಮ್ಮ ಕುಗ್ಗಿಹೋದರು. "ತಪ್ಪಾಯ್ತು. ವಯಸ್ಸಾಯ್ತಲ್ಲ, ತಲೆ ನಿಲ್ಲಲ್ಲ," ಎಂದು ಅವಳ ಕೈ ಹಿಡಿದುಕೊಂಡರು. ಆ ಒಣ ಬೆರಳುಗಳ ಬಿಸಿಯನ್ನು ಅವಳು ತಡೆದುಕೊಂಡಳು. ಎಲ್ಲ ಅಂದುಕೊಂಡ ಹಾಗೇ ನಡೆದಿತ್ತು. ಇಷ್ಟು ಕೆಟ್ಟದಾಗಿ ನಡೆಯುತ್ತದೆಂದು ಮಾತ್ರ ಅಂದುಕೊಂಡಿರಲಿಲ್ಲ.

"ಅಂದಹಾಗೆ, ಇವಳ ಸ್ವತ್ತು ನನ್ನ ಹತ್ರ ಉಳಿದಿದೆ, ನಾನೇ ಕಳ್ಳಿ ಆಗ್ಬಿಡ್ತೀನಿ," ಎನ್ನುತ್ತ ಹೆಡ್‌ಮಿಸ್ಸು ಕೈಚೀಲಕ್ಕೆ ಕೈ ಹಾಕಿದರು. "ನಿನ್ನೆ ಮಲಗಿದ್ದಾಗ ನನ್ನ ಕೈಯಲ್ಲಿಟ್ಟಿದ್ಲಲ್ಲ, ನಿದ್ದೇಲಿ ಶಾಲಿನೊಳಗೆ ಜಾರಿದೆ. ಮನೇಲಿ ಶಾಲು ಕೊಡವಿದ್ರೆ ಟಣ್ ಅಂತ ಬಿತ್ತು." ಬೆರಳುದ್ದದ ಹಿತ್ತಾಳೆಯ ಗಂಟೆಯೊಂದನ್ನು ಅವರು ದೊಡ್ಡಮ್ಮನ ಅಂಗೈಗೆ ಹಾಕಿದರು. ಆ ಹುಡುಗಿಯ ಮುಖ ಕೆಟ್ಟ ಮರುದಿನವೇ ದೊಡ್ಡಮ್ಮ ಕೊಂಡು ತಂದ ಗಂಟೆ, ಅಂದೇ ಮಾಡಿದ ನಿಯಮ: ಪಕ್ಕದಲ್ಲಿ ಕೂತಿದ್ದರೆ ಗಂಟೆ ಗೋಡೆಯ ಮೊಳೆಯಲ್ಲೇ ಇರಲಿ, ಸೂಜಿ ಹೊತ್ತವರನ್ನು ಒಂಟಿಯಾಗಿ ಬಿಟ್ಟು ಹೊರಗೆ ಕಾಲಿಡುವುದಾದರೆ ಮಾತ್ರ, ಬೇಕೆಂದಾಗ ಕರೆಯಲು, ಅವರ ಕೈಗೆ ಕೊಡಬೇಕು. ಕೊಟ್ಟ ನೆನಪು ಸೂಜಿಯಕ್ಕನಿಗೆ ಇರಲೇ ಇಲ್ಲ. ಶಾಲು ಸರಿಪಡಿಸಿದ ಕೈ, ಮನಸ್ಸನ್ನು ಕೇಳದೆ, ಹತ್ತೊಂಬತ್ತು ವರ್ಷ ಮಾಡಿದ್ದನ್ನೇ ಮಾಡಿತ್ತು. ಆ ನಿಯಮ ಗೊತ್ತಿಲ್ಲದ ಹೆಡ್‌ಮಿಸ್ಸು ಇನ್ನೂ ನಗುತ್ತಲೇ ಇದ್ದರು. ದೊಡ್ಡಮ್ಮ ಗಂಟೆಯನ್ನು ಒಮ್ಮೆ ತಿರುಗಿಸಿ ನೋಡಿದರು, ಆಮೇಲೆ ಅವಳ ಮುಖವನ್ನು, ಗಿರಾಕಿಯೊಬ್ಬಳ ಮುಖವನ್ನು ಮೊದಲ ಸಲ ಓದುವ ಹಾಗೆ ನಿಧಾನವಾಗಿ. "ಹೋಗುವಾಗ ಕೊಟ್ಟೇ ಹೋಗಿದೀಯಲ್ಲ," ಎಂದರು, ಬೈಗುಳವಿಲ್ಲದ ದನಿಯಲ್ಲಿ. "ಅಷ್ಟಾದ್ರೂ ಕಲಿಸಿದೀನಿ."